ನೂರು ಗೆದ್ದರೂ ಮೇಯರ್ ಪಟ್ಟ ಏಕೆ ಸಿಗಲಿಲ್ಲ?

ಪಾಲಿಕೆ ಚುನಾವಣೆಯ ಮಾತು ಬಂದಾಗಲೆಲ್ಲ ವೀಕ್ಷಕರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ: "ಹೆಚ್ಚು ಸ್ಥಾನ ಗೆದ್ದವರು ವಿರೋಧ ಪಕ್ಷದಲ್ಲಿ ಕೂರುವುದು ಯಾವ ನ್ಯಾಯ?" ಈ ಪ್ರಶ್ನೆಗೆ 2015ರ ಬೆಂಗಳೂರಿಗಿಂತ ಒಳ್ಳೆಯ ಉದಾಹರಣೆ ಸಿಗದು.

ಆ ವರ್ಷ ಆಗಸ್ಟ್ 22ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡ್‌ಗಳಿಗೆ ಚುನಾವಣೆ ನಡೆಯಿತು. ಬಿಜೆಪಿಗೆ 100, ಕಾಂಗ್ರೆಸ್ಸಿಗೆ 76, ಜೆಡಿಎಸ್‌ಗೆ 14 ಸ್ಥಾನಗಳು ಬಂದವು. ಉಳಿದ 8 ಪಕ್ಷೇತರರು ಮತ್ತು ಇತರರ ಪಾಲಾದವು. 198ರಲ್ಲಿ 100 ಎಂದರೆ ಸ್ಪಷ್ಟ ಬಹುಮತವೇ ಸರಿ. ಆದರೂ ಸೆಪ್ಟೆಂಬರ್ 11ರಂದು ಮೇಯರ್ ಆದವರು ಕಾಂಗ್ರೆಸ್ಸಿನ ಬಿ.ಎನ್. ಮಂಜುನಾಥ ರೆಡ್ಡಿ, ಉಪಮೇಯರ್ ಆದವರು ಜೆಡಿಎಸ್‌ನ ಎಸ್.ಪಿ. ಹೇಮಲತಾ.

ವಿಜ್ಞಾನ ಓದಿದ ನನ್ನಂಥವನು ಮೊದಲು ಕೇಳುವುದು, ಭಾಗಲಬ್ಧ ಬಿಡಿ, ಛೇದ ಯಾವುದು ಎಂದು. ಗುಟ್ಟು ಇರುವುದು ಅಲ್ಲಿಯೇ. ಮೇಯರ್ ಚುನಾವಣೆಯಲ್ಲಿ ಮತ ಹಾಕುವವರು ಕಾರ್ಪೊರೇಟರುಗಳು ಮಾತ್ರವಲ್ಲ. ಸಂವಿಧಾನದ 243ಆರ್ ವಿಧಿ ಮತ್ತು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ ಪ್ರಕಾರ ನಗರವನ್ನು ಪ್ರತಿನಿಧಿಸುವ ಶಾಸಕರು, ಲೋಕಸಭಾ ಸದಸ್ಯರು, ನಗರದ ಮತದಾರರ ಪಟ್ಟಿಯಲ್ಲಿರುವ ರಾಜ್ಯಸಭೆ ಮತ್ತು ವಿಧಾನ ಪರಿಷತ್ ಸದಸ್ಯರು ಸಹ ಪಾಲಿಕೆಯ ಸದಸ್ಯರು. ಅವರೆಲ್ಲ ಸೇರಿದಾಗ ಮತದಾರರ ಸಂಖ್ಯೆ ಸುಮಾರು 260ಕ್ಕೆ ಏರಿತು. ಬೇಕಾದ ಬಹುಮತ 100ರಿಂದ 131ರ ಸುತ್ತಮುತ್ತ ಬಂದು ನಿಂತಿತು.

ತಕ್ಕಡಿಯ ಎರಡು ತಟ್ಟೆಗಳು ಸಮನಾಗಿದ್ದಾಗ ಒಂದು ಗುಲಗಂಜಿಗೂ ಬೆಲೆ ಬರುತ್ತದೆ. 14 ಸ್ಥಾನದ ಜೆಡಿಎಸ್‌ಗೆ ಮತ್ತು ಬೆರಳೆಣಿಕೆಯ ಪಕ್ಷೇತರರಿಗೆ ಬಂದದ್ದು ಆ ಬೆಲೆ. ಪಕ್ಷದ ಸದಸ್ಯರು ವಿಪ್ ಮೀರಿದರೆ 1987ರ ರಾಜ್ಯ ಪಕ್ಷಾಂತರ ನಿಷೇಧ ಕಾಯ್ದೆ ಅವರ ಸ್ಥಾನಕ್ಕೆ ಕುತ್ತು ತರುತ್ತದೆ. ಪಕ್ಷೇತರರಿಗೆ ವಿಪ್ ಎಂಬುದೇ ಇಲ್ಲ. ಅವರನ್ನು ಕೇರಳದ ರೆಸಾರ್ಟಿಗೆ ಕರೆದೊಯ್ದ ಸುದ್ದಿಯನ್ನು ಆಗ ಎಲ್ಲರೂ ಓದಿದ್ದೆವು.

ಮೈತ್ರಿ ಎಂದಮೇಲೆ ಹಂಚಿಕೆಯೂ ಇರಬೇಕಷ್ಟೆ. ಆಗ ಮೇಯರ್ ಅವಧಿ ಕೇವಲ ಒಂದು ವರ್ಷ. ಸ್ಥಾಯಿ ಸಮಿತಿಗಳದ್ದೂ ಅಷ್ಟೇ. ಆದ್ದರಿಂದ ಪ್ರತಿವರ್ಷವೂ ಹೊಸ ಮಾತುಕತೆ, ಹೊಸ ಚೌಕಾಸಿ. 2018ರವರೆಗೂ ಪ್ರತಿ ಸಲ ಮೇಯರ್ ಪದವಿ ಕಾಂಗ್ರೆಸ್ಸಿಗೆ, ಉಪಮೇಯರ್ ಪದವಿ ಜೆಡಿಎಸ್‌ಗೆ ಹೋಯಿತು. 2019ರಲ್ಲಿ ರಾಜ್ಯ ಸರ್ಕಾರ ಬದಲಾದ ಮೇಲೆ ಬಿಜೆಪಿಯ ಎಂ. ಗೌತಮ್ ಕುಮಾರ್ ಮೇಯರ್ ಆದರು. ಪಾಲಿಕೆಯ ತಟ್ಟೆ ವಿಧಾನಸೌಧದ ಗಾಳಿಗೆ ಹೇಗೆ ವಾಲುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಇದರಲ್ಲಿ ಕಾನೂನಿನ ಉಲ್ಲಂಘನೆ ಇತ್ತೆ? ಮೈತ್ರಿ ತಾನಾಗಿಯೇ ಅಕ್ರಮವಲ್ಲ. ಶಾಸಕರೂ ಜನರಿಂದಲೇ ಆಯ್ಕೆಯಾದವರು ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಮೋರಿ, ಕಸ, ಬೀದಿದೀಪಕ್ಕಾಗಿ ವಾರ್ಡಿನಲ್ಲಿ ಮತ ಹಾಕಿದ ನಾಗರಿಕನಿಗೆ ತನ್ನ ತೀರ್ಪನ್ನು ಬೇರೆ ಯಾರೋ ತಿದ್ದಿದಂತೆ ತೋರುವುದೂ ಸಹಜ. ವರ್ಷಕ್ಕೊಬ್ಬ ಮೇಯರ್ ಬಂದರೆ ಕೆಲಸ ಕಲಿಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಈ ದೋಷವನ್ನು ಕಂಡೇ 2020ರ ಬಿಬಿಎಂಪಿ ಕಾಯ್ದೆಯಲ್ಲಿ ಮೇಯರ್ ಅವಧಿಯನ್ನು 30 ತಿಂಗಳಿಗೆ ಏರಿಸಲಾಯಿತು.

ಆದರೆ ಆ ಕಾಯ್ದೆಯಡಿ ಒಬ್ಬ ಮೇಯರೂ ಬರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕೌನ್ಸಿಲ್ ಅವಧಿ ಮುಗಿಯಿತು, ಆಡಳಿತಾಧಿಕಾರಿ ಬಂದರು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಯು ವಿಧಿ ಹೇಳಿದರೂ ಬಿಬಿಎಂಪಿಗೆ ಮತ್ತೆ ಚುನಾವಣೆ ನಡೆಯಲೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು.

ಮೈತ್ರಿಯ ಚೌಕಾಸಿಯನ್ನು ಎಷ್ಟಾದರೂ ಟೀಕಿಸೋಣ. ಆದರೆ ಚೌಕಾಸಿ ಮಾಡುವ ಕಾರ್ಪೊರೇಟರನ್ನು ಮುಂದಿನ ಚುನಾವಣೆಯಲ್ಲಿ ಮನೆಗೆ ಕಳಿಸಬಹುದು. ಚುನಾವಣೆಯೇ ಇಲ್ಲದಿದ್ದರೆ ಯಾರನ್ನು ಕಳಿಸುವುದು? ವೀಕ್ಷಕರು ತಮ್ಮ ವಾರ್ಡಿನ ಅನುಭವದೊಡನೆ ಈ ಪ್ರಶ್ನೆಯನ್ನೂ ಚರ್ಚೆಗೆ ತರಲಿ.