ಯುಗಾದಿ ಹಾಡಲ್ಲಿ ನಾವು ಕೇಳಿಸಿಕೊಳ್ಳದ ಪ್ರಶ್ನೆ

ಕೆಲಸ ಹೋಗಿದೆ, ಇಂಟರ್‌ವ್ಯೂ ಕೊಟ್ಟು ಎರಡು ತಿಂಗಳಾದ್ರೂ ಉತ್ತರ ಇಲ್ಲ, ಮನೇಲಿ ಯಾರಿಗೋ ಹುಷಾರಿಲ್ಲ. ಇಂಥ ಹೊತ್ತಲ್ಲಿ ವಾಟ್ಸಾಪ್ ತೆಗೆದ್ರೆ ಸೂರ್ಯೋದಯದ ಫೋಟೋ ಮೇಲೆ 'ಎಲ್ಲಾ ಒಳ್ಳೇದಾಗುತ್ತೆ' ಅಂತ ಬಂದಿರುತ್ತೆ. ಕಳಿಸಿದವರ ಮನಸ್ಸು ಒಳ್ಳೇದೇ. ಆದ್ರೆ ಮಾತು ಒಳಗೆ ಇಳಿಯಲ್ಲ. ಕವಿತೆ ಮಾತ್ರ ಯಾಕೆ ಇಳಿಯುತ್ತೆ? ಒಂದೇ ಒಂದು ಕವಿತೆ ಇಟ್ಕೊಂಡು ನೋಡೋಣ: ದ.ರಾ. ಬೇಂದ್ರೆಯವರ 'ಯುಗಾದಿ'.

ನಿಮಗೆ ಗೊತ್ತಿರೋದೇ. 1963ರ 'ಕುಲವಧು' ಸಿನಿಮಾಗೆ ಎಸ್. ಜಾನಕಿ ಹಾಡಿದ್ದಾರೆ. ಬೇವು-ಬೆಲ್ಲದ ದಿನ ಟೀವಿಲೂ ಅದೇ, ಸ್ಟೇಟಸ್‌ನಲ್ಲೂ ಅದೇ. ಹಬ್ಬದ ಹಾಡು ಅಂದ್ಕೊಂಡು ನಾವು ಮೊದಲ ಸಾಲುಗಳಿಗೇ ನಿಲ್ಲಿಸಿಬಿಡ್ತೀವಿ. ಒಮ್ಮೆ ಪೂರ್ತಿ ಓದಿ. ಗಿಡಮರ ಚಿಗುರಿ, ಹೂ ಬಿಟ್ಟು, ಸಂಭ್ರಮ ಎಲ್ಲ ಆದ್ಮೇಲೆ ಕವಿತೆ ಸಣ್ಣಗೆ ತಕರಾರು ತೆಗೆಯುತ್ತೆ. ಪ್ರಕೃತಿಗೆ ವರ್ಷ ವರ್ಷ ಹೊಸ ಹುಟ್ಟು ಇದೆ, ಮನುಷ್ಯನಿಗೆ ಬಾಲ್ಯ, ಹರೆಯ ಒಂದೇ ಸಲ ಯಾಕೆ? ದಿನಾ ಮಲಗಿ ಏಳ್ತೀವಲ್ಲ, ಎದ್ದಾಗ ಹೊಸಬರಾಗಿ ಯಾಕೆ ಏಳಲ್ಲ? ಕವಿತೆ ಮುಗಿಯೋದು ಯುಗಾದಿ ನಮ್ಮನ್ನಷ್ಟೇ ಮರೆತಿದೆ ಅನ್ನೋ ಕೊರಗಿನಲ್ಲಿ.

ಈ ಪ್ರಶ್ನೆ ಕೇಳಿದವರು ಯಾರು ನೋಡಿ. 'ನರಬಲಿ' ಅನ್ನೋ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಬೇಂದ್ರೆಯವರನ್ನ ಜೈಲಿಗೆ ಹಾಕಿತು. ಮೇಷ್ಟ್ರ ಕೆಲಸ ಹೋಯ್ತು. ಆಮೇಲೆ ವರ್ಷಗಟ್ಟಲೆ ಸರಿಯಾದ ಸಂಬಳವಿಲ್ಲ; ಸೊಲ್ಲಾಪುರದ ಡಿ.ಎ.ವಿ. ಕಾಲೇಜಲ್ಲಿ ಕೆಲಸ ಸಿಕ್ಕಿದ್ದು 1944ರಲ್ಲಿ, ಐವತ್ತರ ಹತ್ತಿರ. ಹಲವು ಮಕ್ಕಳನ್ನ ಕಳ್ಕೊಂಡವರು ಅವರು. ಮಗು ಹೋದಾಗ ಹೆಂಡತಿಯ ನೋಟ ಎದುರಿಸಲಾಗದ ಗಂಡನ ಬಗ್ಗೆ ಅವರು ಬರೆದ ಕವಿತೆ ಕೇಳಿದ್ರೆ ಇವತ್ತಿಗೂ ಗಂಟಲು ಕಟ್ಟುತ್ತೆ.

ಇಷ್ಟೆಲ್ಲ ಕಂಡ ಮನುಷ್ಯ ಚಿಗುರನ್ನ ಚಿಗುರು ಅಂತಲೇ ನೋಡಿದ್ರು. ಅದರ ಪಕ್ಕದಲ್ಲೇ ತಮ್ಮ ಸಂಕಟವನ್ನೂ ಇಟ್ರು. ನಾನು ಬಿಕಾಂ ಓದಿದ್ದು, ಹಾಗಾಗಿ ಹೀಗೆ ಅನ್ಸುತ್ತೆ: ನಷ್ಟ ಮುಚ್ಚಿಟ್ಟು ಬರೀ ಲಾಭ ತೋರಿಸೋ ಲೆಕ್ಕವನ್ನ ಯಾರೂ ನಂಬಲ್ಲ. ವಾಟ್ಸಾಪ್ ಸಂದೇಶ ಸೋಲೋದು ಅಲ್ಲೇ. ಬೇಂದ್ರೆ ಎರಡೂ ಕಡೆ ಬರೆದಿದ್ದಾರೆ, ಅದಕ್ಕೇ ಅವರು ಹೊಸ ವರ್ಷ ಬಂತು ಅಂದ್ರೆ ನಂಬಿಕೆ ಬರುತ್ತೆ.

ಇನ್ನು ಈ ಭರವಸೆ ಒಂದು ದಿನಕ್ಕೇ ಕರಗದ ಹಾಗೆ ಏನ್ ಮಾಡ್ಬೇಕು? ದಿನಕ್ಕೆ ಹತ್ತು ಕವಿತೆ ಸ್ಕ್ರಾಲ್ ಮಾಡೋದರಿಂದ ಆಗಲ್ಲ. ಒಂದನ್ನೇ ವಾರವಿಡೀ ಇಟ್ಕೊಳ್ಳಿ, ಜೋರಾಗಿ ಓದಿ. ಬೇಂದ್ರೆಯವರದ್ದು ಕಿವಿಗೆ ಬರೆದ ಪದ್ಯ, ಕಣ್ಣಲ್ಲಿ ಓದಿದ್ರೆ ಅರ್ಧ ಲಯ ತಪ್ಪಿಹೋಗುತ್ತೆ. ಎರಡು-ಮೂರು ದಿನದಲ್ಲಿ ಬಸ್ಸಿಗೆ ಕಾಯುವಾಗ ತಾನಾಗೇ ಬಾಯಿಗೆ ಬರುತ್ತೆ. ಶುರು ಮಾಡೋರು 'ಯುಗಾದಿ'ಯಿಂದಲೇ ಮಾಡಿ, ಆದ್ರೆ ಈ ಸಲ ಕೊನೆಯ ಚರಣದಿಂದ.