ತಿಪ್ಪೆ ಕರಗಿದ ಊರುಗಳಲ್ಲಿ

ಮುಂಗಾರಿನಲ್ಲಿ ಯೂರಿಯಾಕ್ಕೆ ಸಾಲು ನಿಂತಾಗಲೆಲ್ಲ ‘ರೈತರು ಗೊಬ್ಬರ ಸುರಿಯುವುದು ಜಾಸ್ತಿಯಾಯಿತು’ ಎಂಬ ಮಾತು ಕೇಳಿಬರುತ್ತದೆ. ಸುರಿಯುವುದು ನಿಜ. ಆದರೆ ಆ ಹೊಲದಲ್ಲಿ ದುಡಿಯಬೇಕಿದ್ದ ಹುಡುಗ ಎಲ್ಲಿಗೆ ಹೋದ ಎಂದು ಯಾರೂ ಕೇಳುವುದಿಲ್ಲ. ಅವನು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲೋ ಹರಿಹರದ ಕಡೆಯಲ್ಲೋ ಪಾಳಿ ಕೆಲಸಕ್ಕಿದ್ದಾನೆ. ಜಗಳೂರಿನವನಾದರೆ ಬೆಂಗಳೂರಿನ ಕಟ್ಟಡ ಕೆಲಸಕ್ಕೂ ಹೋಗಿರಬಹುದು. ಹತ್ತಿ ಗಿರಣಿಗಳ ಕಾಲದಿಂದಲೂ ದಾವಣಗೆರೆ ಹಳ್ಳಿಯ ಆಳುಗಳನ್ನು ಸೆಳೆದುಕೊಂಡ ಊರೇ.

ಮೆಕ್ಕೆಜೋಳವನ್ನೇ ನೋಡಿ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 100 ಕೆ.ಜಿ. ಸಾರಜನಕ ಎಂಬುದು ಶಿಫಾರಸು. ಅದನ್ನು ಒಂದೇ ಸಲ ಕೊಡುವಂತಿಲ್ಲ. ಬಿತ್ತುವಾಗ ಒಂದಿಷ್ಟು ಕೊಟ್ಟು, ತಿಂಗಳಾಗುವ ಹೊತ್ತಿಗೆ ಕಳೆ ತೆಗೆಸಿ, ಬುಡದ ಪಕ್ಕದಲ್ಲಿ ಮೇಲುಗೊಬ್ಬರ ಹಾಕಿ, ಹಿಂದೆಯೇ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಬೇಕು. ಅದಕ್ಕೆ ಹೆಣ್ಣಾಳು ಬೇಕು, ಜೋಡಿ ಎತ್ತು ಬೇಕು, ಎತ್ತು ಹೊಡೆಯುವವನೂ ಬೇಕು. ಈಗ ಮನೆಯಲ್ಲಿ ಉಳಿದ ತಾಯಿ ಪುಟ್ಟಿಯಲ್ಲಿ ಯೂರಿಯಾ ತುಂಬಿಕೊಂಡು ಸಾಲಿನುದ್ದಕ್ಕೂ ಎರಚುತ್ತಾ ಹೋಗುತ್ತಾಳೆ. ಅಥವಾ ಮಗನ ವಾರದ ರಜೆಗೆ ಕಾಯುತ್ತಾಳೆ. ಮಳೆ ಬುಧವಾರ ಬಂದಿದ್ದರೂ ಗೊಬ್ಬರ ಬೀಳುವುದು ಭಾನುವಾರ. ಮಣ್ಣು ಮುಚ್ಚದ ಯೂರಿಯಾದಲ್ಲಿ ಒಂದಿಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಜೋರು ಮಳೆ ಬಂದರೆ ಹಳ್ಳ ಸೇರುತ್ತದೆ. ಎಲೆ ಹಳದಿಗೆ ತಿರುಗಿತೆಂದು ಇನ್ನೊಂದು ಚೀಲ ತರುತ್ತಾರೆ.

45 ಕೆ.ಜಿ.ಯ ಆ ಚೀಲಕ್ಕೆ ಸಹಾಯಧನದ ದರ 266 ರೂಪಾಯಿ 50 ಪೈಸೆ. ಒಬ್ಬ ಗಂಡಾಳಿನ ದಿನಗೂಲಿಗೂ ಸಾಲದ ದುಡ್ಡು. ರೈತ ಹಾಕುವ ಲೆಕ್ಕ ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ದುಡಿಯುವವರಿಲ್ಲದೆ ಎತ್ತು ಮಾರಿದ ಮನೆಯಲ್ಲಿ ಸಗಣಿಯೂ ಇಲ್ಲ, ತಿಪ್ಪೆಯೂ ಇಲ್ಲ. ತಿಪ್ಪೆ ಉಳಿದಿದ್ದರೂ ಅದನ್ನು ಹೇರಿ ಹೊಲಕ್ಕೆ ಹರಡಲು ಜನ ಸಿಗುವುದಿಲ್ಲ. ಭದ್ರಾ ನಾಲೆಯ ಗದ್ದೆಗಳಲ್ಲಿ ನಾಟಿ ಗುತ್ತಿಗೆಗೆ ಹೋಗಿದೆ, ಕೊಯ್ಲು ಯಂತ್ರಕ್ಕೆ ಸಿಕ್ಕಿದೆ, ಕಳೆಗೆ ಕಳೆನಾಶಕ.

ಮಣ್ಣು ಆರೋಗ್ಯ ಕಾರ್ಡ್ 2015ರಿಂದ ಗೊಬ್ಬರದ ಪ್ರಮಾಣ ಹೇಳುತ್ತಿದೆ. ಹಾಕುವ ಕೈಗಳ ಲೆಕ್ಕ ಅದರಲ್ಲಿಲ್ಲ. ಬಾಡಿಗೆ ಯಂತ್ರ ಕೇಂದ್ರಗಳಿಗೆ ದೊಡ್ಡ ಟ್ರ್ಯಾಕ್ಟರ್ ಬಂದರೆ ಸಾಲದು. ಒಬ್ಬ ಹೆಣ್ಣುಮಗಳು ತಾನೇ ತಳ್ಳಿಕೊಂಡು ಸಾಲಿನ ನಡುವೆ ಗೊಬ್ಬರ ಹಾಕಿ ಮಣ್ಣು ಮುಚ್ಚುವಂಥ ಸಣ್ಣ ಸಲಕರಣೆ ಊರೂರಿಗೂ ಬೇಕು. ಮೇಲುಗೊಬ್ಬರದ ವಾರದಲ್ಲಿ ಪಾಳಿ ಬದಲಿಸಿಕೊಳ್ಳಲು ಕಾರ್ಖಾನೆಗಳೂ ಬಿಡಬೇಕು.