ಗೋಡೆಯಾಚೆಯ ಮನೆಯಲ್ಲೂ ಹುಡುಕಿ

ಕೀಟ ನಿಯಂತ್ರಣಕ್ಕೆ ಬಂದವರು ಔಷಧಿಯ ಕ್ಯಾನನ್ನು ಹೊಸ್ತಿಲಾಚೆಯೇ ಇಳಿಸಿದರು. ಒಳಗೆ ತಂದದ್ದು ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್, ಅವಧಿ ಮುಗಿದ ಒಂದು ಎಟಿಎಂ ಕಾರ್ಡು. ಮಂಚವನ್ನು ಗೋಡೆಯಿಂದ ಎರಡಡಿ ಈಚೆಗೆ ಎಳೆದು, ತಲೆಕಡೆಯ ಹಲಗೆಯ ಹಿಂದಿನ ಸಂದಿಗೆ ಕಾರ್ಡು ತೂರಿಸಿ ನಿಧಾನವಾಗಿ ಜಾರಿಸಿದರು. ಕಂದು ಬಣ್ಣದ ಎರಡು ತಿಗಣೆ ಹೊರಬಿದ್ದು ಟಾರ್ಚಿನ ಬೆಳಕಿನಿಂದ ಪಾರಾಗಲು ಓಡಿದವು. ಮನೆಯಾಕೆ ಹುಳುಗಳಿಗಿಂತ ಮೊದಲು ಬಾಗಿಲ ಕಡೆ ನೋಡಿದರು. “ಅಣ್ಣಾ, ಬಾಗಿಲು ಹಾಕ್ಬಿಡಿ. ಪಕ್ಕದ ಮನೆಯವ್ರು ನೋಡ್ತಾರೆ.”

ಬೆಂಗಳೂರಿನ ಹೊರವರ್ತುಲ ರಸ್ತೆಯಿಂದ ಸ್ವಲ್ಪ ಒಳಗಿರುವ ಅಪಾರ್ಟ್‌ಮೆಂಟ್ ಇದು. ಹೆಚ್ಚಿನವರು ಬಾಡಿಗೆಗೆ ಇರುವವರು. ಐಟಿ ಕಂಪನಿಗಳಿಗೆ ಹೋಗುವವರು, ಮಕ್ಕಳ ಶಾಲೆಗಾಗಿ ಬಂದು ನೆಲೆಸಿದವರು, ಮೂರು ನಾಲ್ಕು ಮಂದಿ ಸೇರಿ ಒಂದೇ ಮನೆ ಹಿಡಿದ ಹುಡುಗರು. ನಾವು ನಿಂತಿದ್ದ ಮೂರನೆಯ ಮಹಡಿಯ ಮನೆ ಅಚ್ಚುಕಟ್ಟಾದ ಮನೆ. ನೆಲ ಎರಡು ಹೊತ್ತು ಒರೆಸುತ್ತಾರೆ, ಅಡುಗೆಕಟ್ಟೆಯ ಮೇಲೆ ಒಂದು ಅಗುಳೂ ಬಿದ್ದಿಲ್ಲ. ಆಕೆಯ ಸಂಕಟವೂ ಅದೇ. ಇಷ್ಟು ಶುಚಿಯಾಗಿಟ್ಟರೂ ಹೀಗಾಯಿತಲ್ಲ, ಜನ ಏನಂದುಕೊಳ್ಳುತ್ತಾರೆ? ತಿಗಣೆಗೆ ಅಗುಳೂ ಬೇಡ, ಧೂಳೂ ಬೇಡ. ಅದು ಬದುಕುವುದು ರಕ್ತವೊಂದರಿಂದಲೇ. ನಿದ್ದೆಯಲ್ಲಿರುವ ಮನುಷ್ಯನ ಮೈಯ ಬಿಸಿ ಮತ್ತು ಅವನ ಉಸಿರಿನ ಇಂಗಾಲದ ಡೈಆಕ್ಸೈಡ್ ಅದಕ್ಕೆ ದಾರಿ ತೋರಿಸುತ್ತವೆ. ಕೊಳಕು ಮನೆಗೂ ಒಪ್ಪವಾದ ಮನೆಗೂ ಇರುವ ವ್ಯತ್ಯಾಸ ಇಷ್ಟೇ: ಸಾಮಾನು ರಾಶಿಬಿದ್ದ ಕಡೆ ಅಡಗಲು ಜಾಗ ಹೆಚ್ಚು, ಹುಡುಕುವುದು ಕಷ್ಟ. ಈ ಮಂಚ ಬಂದದ್ದು ಇದೇ ಕಟ್ಟಡದ ಇನ್ನೊಂದು ಮನೆಯಿಂದ. ಖಾಲಿ ಮಾಡಿಕೊಂಡು ಹೋಗುವವರು ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದ್ದರು, ಇವರು ಅರ್ಧ ಬೆಲೆಗೆ ಕೊಂಡರು.

ಗಾದಿಯನ್ನು ಎತ್ತಿ ನಿಲ್ಲಿಸಿದಾಗ ಓದಲು ಬೇಕಾದಷ್ಟಿತ್ತು. ಹೊಲಿಗೆಯ ಅಂಚಿನುದ್ದಕ್ಕೂ ಕಪ್ಪು ಚುಕ್ಕೆಗಳು, ಬಟ್ಟೆಗೆ ಇಂಕು ಪೆನ್ನಿನ ಮೊನೆ ತಾಗಿದ ಹಾಗೆ ಅಂಚು ಹರಡಿದ ಚುಕ್ಕೆಗಳು. ಅವು ಜೀರ್ಣವಾದ ರಕ್ತದ ಹಿಕ್ಕೆ. ಮೂಲೆಯಲ್ಲಿ ಅಲ್ಲಲ್ಲಿ ತೆಳುವಾದ ಹಳದಿ ಪೊರೆ. ಮೊಟ್ಟೆಯಿಂದ ಬಂದ ಮರಿ ದೊಡ್ಡದಾಗುವಷ್ಟರಲ್ಲಿ ಐದು ಸಲ ಪೊರೆ ಬಿಡುತ್ತದೆ, ಪ್ರತಿ ಸಲಕ್ಕೂ ಮೊದಲು ಅದಕ್ಕೆ ಒಂದು ಹೊಟ್ಟೆ ರಕ್ತ ಬೇಕು. ಹೆಣ್ಣು ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ. ಒಂದು ಮಿಲಿಮೀಟರ್ ಉದ್ದದ ಬಿಳಿಯ ಮೊಟ್ಟೆ, ಸಂದಿಯ ಒಳಗೋಡೆಗೆ ಅಂಟಿಕೊಂಡಿರುತ್ತದೆ, ಪೊರಕೆಗೂ ಬಟ್ಟೆಗೂ ಬಗ್ಗುವುದಿಲ್ಲ. ಆರರಿಂದ ಹತ್ತು ದಿನಕ್ಕೆ ಒಡೆಯುತ್ತದೆ. ಪೂರ್ತಿ ಬೆಳೆದದ್ದು ಐದಾರು ಮಿಲಿಮೀಟರ್. ರಕ್ತ ಸಿಗದೆಯೂ ತಿಂಗಳುಗಟ್ಟಲೆ ಬದುಕಬಲ್ಲದು, ತಂಪಿದ್ದಷ್ಟೂ ಹೆಚ್ಚು ಕಾಲ. ಕೋಣೆಗೆ ಬೀಗ ಹಾಕಿ ಹಾಲ್‌ನಲ್ಲಿ ಮಲಗಿದರೆ ಹಸಿದು ಸಾಯುತ್ತದೆ ಎಂದು ಈ ಮನೆಯವರು ಲೆಕ್ಕ ಹಾಕಿದ್ದರು. ತಿಗಣೆ ಹಾಲ್‌ನ ಸೋಫಾಕ್ಕೂ ಬಂತು.

ಅಲ್ಲಿಂದ ಸ್ಕ್ರೂಡ್ರೈವರ್‌ನ ಸರದಿ. ಮಂಚದ ಬೋಲ್ಟ್ ಕೂರುವ ತೂತುಗಳು, ಪ್ಲೈವುಡ್ ಡ್ರಾಯರ್‌ನ ಅಡಿಭಾಗ, ಗೋಡೆ ಗಡಿಯಾರದ ಹಿಂದೆ, ಪರದೆಯ ಮೇಲ್ತುದಿಯ ಮಡಿಕೆ, ಕೊನೆಗೆ ತಲೆದೆಸೆಯ ಸ್ವಿಚ್ ಬೋರ್ಡ್. ಮೇನ್ ಸ್ವಿಚ್ ಆಫ್ ಮಾಡಿ ಬೋರ್ಡಿನ ಮುಚ್ಚಳ ಬಿಚ್ಚಿದರು. ಒಳಗೆ ವೈರುಗಳ ಹಿಂದೆ ಅವೇ ಕಪ್ಪು ಚುಕ್ಕೆಗಳು. ವೈರು ಬರುವ ಪೈಪು ಗೋಡೆಯೊಳಗೆ ಹಾದು ಹೋಗುತ್ತದೆ. ಆ ಗೋಡೆಯ ಆಚೆ ಇನ್ನೊಂದು ಸಂಸಾರದ ಮಲಗುವ ಕೋಣೆ.

ಇಲ್ಲಿಂದಾಚೆಗಿನದು ಒಂದು ಮನೆಯ ವಿಷಯವಾಗಿ ಉಳಿಯುವುದಿಲ್ಲ. ಪಕ್ಕದ ಎರಡು, ಮೇಲಿನದೊಂದು, ಕೆಳಗಿನದೊಂದು: ಹುಳು ಕಂಡ ಮನೆಯ ಸುತ್ತಣ ಈ ನಾಲ್ಕನ್ನೂ ನೋಡಬೇಕು ಎಂಬುದು ಈ ಕೆಲಸ ಬಲ್ಲವರ ಕಟ್ಟುನಿಟ್ಟು. ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದ ಕೀಟತಜ್ಞರು 223 ಮನೆಗಳ ಒಂದು ಬಹುಮಹಡಿ ಕಟ್ಟಡದಲ್ಲಿ ತಿಗಣೆ ಹಬ್ಬುವುದನ್ನು ಅಳೆದು 2010ರಲ್ಲಿ ಪ್ರಕಟಿಸಿದರು. ತಿಗಣೆ ಮೊದಲು ಕಾಲಿಟ್ಟ 41 ತಿಂಗಳಲ್ಲಿ 101 ಮನೆಗಳಿಗೆ ಹಬ್ಬಿತ್ತು. ಅದಕ್ಕಿಂತ ನನ್ನನ್ನು ಹೆಚ್ಚು ತಟ್ಟಿದ್ದು, ಹುಳು ಇದ್ದ ಮನೆಗಳಲ್ಲಿ ಅರ್ಧದಷ್ಟು ಜನಕ್ಕೆ ತಮ್ಮಲ್ಲಿ ಅದಿದೆ ಎಂಬುದೇ ಗೊತ್ತಿರಲಿಲ್ಲ ಎಂಬ ಸಂಗತಿ. ಗೊತ್ತಿಲ್ಲದವರು ಅರ್ಧ, ಗೊತ್ತಿದ್ದೂ ಬಾಗಿಲು ಹಾಕಿಕೊಂಡವರು ಇನ್ನೆಷ್ಟೋ. ಹೀಗಿದ್ದಾಗ ಒಂದೇ ಮನೆಗೆ ಔಷಧಿ ಹೊಡೆಸುವುದು ದುಡ್ಡನ್ನು ನೀರಿಗೆ ಹಾಕಿದಂತೆಯೇ.

ಬಲಗಡೆಯ ಮನೆಯ ಕರೆಗಂಟೆ ಒತ್ತಿದಾಗ ಒಳಗಿದ್ದವರು ಹುಡುಗರು, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವರು. “ನಮ್ಮಲ್ಲಿ ಏನೂ ಇಲ್ಲ ಸಾರ್” ಎಂದ ಒಬ್ಬ, ಮೊಣಕೈ ಕೆರೆದುಕೊಳ್ಳುತ್ತಲೇ. ಕೈ ಮೇಲೆ ಸಾಲಾಗಿ ಮೂರು ನಾಲ್ಕು ಕೆಂಪು ಗಂಧೆ. ಸೊಳ್ಳೆ ಎಂದುಕೊಂಡಿದ್ದನಂತೆ. ಮಂಚವಿಲ್ಲ, ನೆಲದ ಮೇಲೇ ಹಾಸಿಗೆ. ಗೋಡೆ ಬದಿಯಲ್ಲಿ, ವಾರಕ್ಕೊಮ್ಮೆ ಸ್ಲೀಪರ್ ಬಸ್ಸಿನಲ್ಲಿ ಊರಿಗೆ ಹೋಗಿಬರುವ ಬ್ಯಾಗುಗಳು. ಬ್ಯಾಗಿನ ಝಿಪ್ಪಿನ ಅಂಚಿನಲ್ಲಿ ಟಾರ್ಚು ನಿಂತಿತು. ಅಲ್ಲೂ ಇತ್ತು. ಮೊದಲು ಈ ಮನೆಯಿಂದ ಆ ಮನೆಗೆ ಹೋಯಿತೋ, ಆ ಮನೆಯಿಂದ ಇಲ್ಲಿಗೆ ಬಂತೋ ಎಂದು ಕೇಳಬೇಕೆನಿಸಿತು. ಕೆಲಸಗಾರರು ತಲೆಯಾಡಿಸಿದರು. “ಅದನ್ನ ಕೇಳೋಕೆ ಹೋದ್ರೆ ಯಾರೂ ಬಾಗಿಲು ತೆಗೆಯಲ್ಲ ಸಾರ್.” ಅವರ ಮಾತನ್ನು ಪ್ರತಿ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನೂ ನೆನಪಿಡಬೇಕು. ಮೂಲ ಯಾರು ಎಂದು ಹುಡುಕುವ ಕಟ್ಟಡದಲ್ಲಿ ದೂರು ಕೊಡುವವರೇ ಇಲ್ಲವಾಗುತ್ತಾರೆ.

ಮೇಲಿನ ಮನೆಯಲ್ಲಿ ವಯಸ್ಸಾದ ದಂಪತಿ. ಅಮ್ಮನಿಗೆ ಮೈತುಂಬ ತುರಿಕೆ, ಚರ್ಮದ ಡಾಕ್ಟರ ಮುಲಾಮು ನಡೆಯುತ್ತಿದೆ. ಅದೇ ಹಾಸಿಗೆಯಲ್ಲಿ ಮಲಗುವ ಯಜಮಾನರ ಮೈಮೇಲೆ ಒಂದು ಗುರುತೂ ಇಲ್ಲ. “ನನಗಿಲ್ಲದ್ದು ಇವಳಿಗೊಬ್ಬಳಿಗೇ ಹೇಗೆ?” ಎಂಬುದು ಅವರ ವಾದ. ತಿಗಣೆ ಇದ್ದರೆ ಕಚ್ಚುವುದು ಇಬ್ಬರಿಗೂ. ತಿಗಣೆಯ ಜೊಲ್ಲಿಗೆ ಕೆಲವರ ಮೈ ಉರಿದೇಳುತ್ತದೆ, ಕೆಲವರ ಮೈ ಸುಮ್ಮನಿರುತ್ತದೆ, ವಯಸ್ಸಾದವರಲ್ಲಿ ಗುರುತು ಏಳದಿರುವುದು ಇನ್ನೂ ಸಾಮಾನ್ಯ. ತಿಗಣೆ ಮನುಷ್ಯರಿಗೆ ರೋಗ ಹರಡುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ ಎಂದು ನಾನು ಹೇಳಿದಾಗ ಆ ತಾಯಿಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಎಷ್ಟೋ ರಾತ್ರಿ ನಿದ್ದೆಗೆಟ್ಟ ಕಣ್ಣುಗಳು ಅವರವು. ದೀಪ ಹಾಕಿ, ದಿಂಬು ತಿರುಗಿಸಿ, ಹೊದಿಕೆ ಕೊಡವಿ ಬೆಳಗು ಮಾಡುವವರ ಕಷ್ಟವನ್ನು ‘ರೋಗವೇನಲ್ಲವಲ್ಲ’ ಎಂದು ತಳ್ಳಿಹಾಕುವುದು ತಪ್ಪು.

ಈ ಮನೆಯಲ್ಲಿ ಹುಳು ಕಣ್ಣಿಗೆ ಬೀಳಲಿಲ್ಲ. ಮಂಚದ ನಾಲ್ಕೂ ಕಾಲಿಗೆ ಪ್ಲಾಸ್ಟಿಕ್ ಬಟ್ಟಲಿಟ್ಟು ಕಾಯುವುದೆಂದಾಯಿತು. ಮಂಚವನ್ನು ಗೋಡೆಯಿಂದ ಸರಿಸಿ, ಹೊದಿಕೆ ನೆಲ ಮುಟ್ಟದ ಹಾಗೆ ಮಡಚಿ, ಕಾಲುಗಳನ್ನು ಬಟ್ಟಲಲ್ಲಿ ನಿಲ್ಲಿಸಿದರೆ ಹತ್ತುವ, ಇಳಿಯುವ ಹುಳು ಅದರಲ್ಲಿ ಬೀಳುತ್ತದೆ. ಅಮೆರಿಕ, ಯೂರೋಪಿನಲ್ಲಿ ಇದು ನೆಚ್ಚಿನ ಉಪಾಯ. ನಮ್ಮಲ್ಲಿ ಒಂದು ತೊಡಕಿದೆ. ತಂಪು ದೇಶಗಳಲ್ಲಿರುವುದು ಸೈಮೆಕ್ಸ್ ಲೆಕ್ಚುಲೇರಿಯಸ್. ಬಿಸಿ ನಾಡುಗಳಲ್ಲಿ ಸೈಮೆಕ್ಸ್ ಹೆಮಿಪ್ಟೆರಸ್ ಎಂಬ ಅದರ ದಾಯಾದಿಯೇ ಹೆಚ್ಚು. ಇದರ ಕಾಲಿನ ಅಂಟುಗೂದಲು ದಟ್ಟ, ನುಣುಪು ಗೋಡೆಯನ್ನೂ ಹತ್ತಿ ತಪ್ಪಿಸಿಕೊಳ್ಳಬಲ್ಲದು. ಹಾಗಾಗಿ ಬಟ್ಟಲಿನ ಒಳಮೈಗೆ ಟಾಲ್ಕಂ ಪೌಡರನ್ನು ತೆಳುವಾಗಿ ಸವರಿ, ಆಗಾಗ ಹೊಸದಾಗಿ ಸವರುತ್ತಿರಬೇಕು. ಅಂಗಡಿಯ ಬಲೆಯನ್ನು ಹಾಗೆಯೇ ಇಟ್ಟು ‘ಏನೂ ಬೀಳಲಿಲ್ಲ, ನಮ್ಮಲ್ಲಿಲ್ಲ’ ಎಂದು ನಿರ್ಧರಿಸುವಂತಿಲ್ಲ.

ತಾರಸಿಗೆ ಹೋದಾಗ ಮೂರು ಗಾದಿಗಳು ಬಿಸಿಲಿಗೆ ಬಿದ್ದಿದ್ದವು. ಹಿಂದೆ ಅಂಗಳದಲ್ಲಿ ಮಂಚ ಬಿಸಿಲಿಗೆ ಹಾಕಿ, ಕೀಲುಗಳಿಗೆ ಕುದಿಯುವ ನೀರು ಹೊಯ್ದು, ಸಂದಿಗೆ ಸೀಮೆಎಣ್ಣೆ ಬಿಡುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ಕುದಿನೀರಿನ ಬುದ್ಧಿ ಸರಿಯಾದದ್ದೇ. ಬೆಳೆದ ತಿಗಣೆ 48 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಳಿಯುವುದಿಲ್ಲ, ಮೊಟ್ಟೆಗೆ 55 ಡಿಗ್ರಿ ಬೇಕು. ಬೆಂಗಳೂರಿನ ಬೇಸಿಗೆಯ ಗಾಳಿ ಸಾಮಾನ್ಯವಾಗಿ 40ನ್ನೂ ಮುಟ್ಟುವುದಿಲ್ಲ. ಗಾದಿಯ ಮೇಲ್ಮೈ ಕಾದರೂ ಒಳಗಿನ ಹತ್ತಿ, ಫೋಮು ತಣ್ಣಗೇ ಇರುತ್ತದೆ, ಹುಳು ನೆರಳಿನ ಬದಿಗೆ ಸರಿದು ಸಂಜೆ ನಿಮ್ಮ ಜೊತೆ ಕೆಳಗಿಳಿಯುತ್ತದೆ. ಆ ಗಾದಿ ಪಕ್ಕದ ಮನೆಯವರ ಗಾದಿಗೆ ಒರಗಿದ್ದರೆ ಅಲ್ಲಿಗೂ ಹೋಗುತ್ತದೆ. ಬಟ್ಟೆಯ ಮಾತು ಬೇರೆ. ವಾಷಿಂಗ್ ಮೆಷಿನ್ನಿನಲ್ಲಿ 60 ಡಿಗ್ರಿಯ ನೀರಿನ ಆಯ್ಕೆ ಇದ್ದರೆ ಹೊದಿಕೆ, ದಿಂಬಿನ ಚೀಲಗಳಲ್ಲಿ ಹುಳುವೂ ಮೊಟ್ಟೆಯೂ ಸಾಯುತ್ತವೆ. ಮಂಚದ ಸಂದಿಗೆ, ಗಾದಿಯ ಹೊಲಿಗೆಗೆ ಸ್ಟೀಮ್ ಯಂತ್ರದ ಹಬೆಯನ್ನು ಅವಸರವಿಲ್ಲದೆ, ಅಂಗುಲ ಅಂಗುಲವಾಗಿ ಹಾಯಿಸಬೇಕು. ಬಟ್ಟೆಗಳನ್ನು ಕೋಣೆಯೊಳಗೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಹೊರಗೆ ತರಬೇಕು. ಮಡಿಲಲ್ಲಿ ತುಂಬಿಕೊಂಡು ಲಿಫ್ಟಿನಲ್ಲಿ ಇಳಿದರೆ ದಾರಿಯುದ್ದಕ್ಕೂ ಬಿತ್ತಿದಂತೆ.

ವಿಷದ ಕತೆ ಕಹಿಯಾದದ್ದು. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಬಂದಾಗ ತಿಗಣೆಯ ಕಾಲ ಮುಗಿಯಿತೆಂದೇ ಜಗತ್ತು ನಂಬಿತ್ತು. ದಶಕ ತುಂಬುವ ಮೊದಲೇ ಡಿಡಿಟಿಗೆ ಜಗ್ಗದ ತಿಗಣೆಗಳು ಕಾಣಿಸಿಕೊಂಡವು. ಮಲೇರಿಯಾ ತಡೆಗೆ ಮನೆಯೊಳಗೆ ಡಿಡಿಟಿ ಸಿಂಪಡಿಸುತ್ತಿದ್ದ ಕಡೆಗಳಲ್ಲಿ, ಸಿಂಪಡಿಸಿದ ಮೇಲೆ ತಿಗಣೆ ಹೆಚ್ಚಾಯಿತೆಂದು ಜನ ಸಿಬ್ಬಂದಿಯನ್ನು ಒಳಗೆ ಬಿಡದಿರುವುದೂ ನಡೆಯಿತು. ಈಗ ಹೆಚ್ಚು ಬಳಕೆಯಲ್ಲಿರುವ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳೂ ನರದ ಅದೇ ಜಾಗಕ್ಕೆ ಪೆಟ್ಟು ಕೊಡುವಂಥವು. ಹಳೆಯ ಪ್ರತಿರೋಧ ಹೊಸ ಔಷಧಿಗೂ ಅಡ್ಡ ನಿಲ್ಲುತ್ತದೆ. ಸೊಳ್ಳೆಗೆ ಹೊಡೆಯುವ ಸ್ಪ್ರೇ ಡಬ್ಬಿಯಿಂದ ಹುಳು ಚದುರಿ ಗೋಡೆಯೊಳಕ್ಕೆ ಸರಿಯುತ್ತದೆ, ಅಷ್ಟೇ. ಮೊಟ್ಟೆಯ ಮೇಲೆ ಬಹುತೇಕ ಔಷಧಿಗಳ ಆಟ ನಡೆಯುವುದಿಲ್ಲ, ಆದ್ದರಿಂದ ಹತ್ತು ಹದಿನೈದು ದಿನಗಳ ಅಂತರದಲ್ಲಿ ಎರಡನೆಯ ಸುತ್ತು ಆಗಲೇಬೇಕು. ಒಂದೇ ಸುತ್ತಿಗೆ ಗ್ಯಾರಂಟಿ ಕೊಡುವವರನ್ನು ನಾನಾದರೆ ಗೇಟಿನಿಂದಲೇ ಕಳಿಸುತ್ತೇನೆ.

ಜೀವಕ್ಕೇ ಕುತ್ತು ತರುವ ಇನ್ನೊಂದು ದಾರಿಯೂ ಇದೆ. ರೋಸಿಹೋದವರು ಕೃಷಿ ಔಷಧಿ ಅಂಗಡಿಗೆ ಹೋಗಿ ಸಿಕ್ಕಿದ್ದನ್ನು ತಂದು ಮುಚ್ಚಿದ ಕೋಣೆಯಲ್ಲಿ ಹೊಡೆಯುತ್ತಾರೆ. 2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಸಂತನಗರದಲ್ಲಿ, ಮಾಲೀಕರು ಕೀಟನಾಶಕ ಸಿಂಪಡಿಸಿದ್ದ ಬಾಡಿಗೆ ಮನೆಗೆ ಊರಿನಿಂದ ಮರಳಿದ ಕುಟುಂಬವೊಂದು ತನ್ನ ಮಗುವನ್ನು ಕಳೆದುಕೊಂಡಿತು. ತಿಗಣೆ ಯಾರನ್ನೂ ಕೊಲ್ಲುವುದಿಲ್ಲ, ಅದಕ್ಕೆಂದು ತಂದ ವಿಷ ಕೊಲ್ಲುತ್ತದೆ. ಕೀಟ ನಿಯಂತ್ರಣದ ಉದ್ಯಮಕ್ಕೆ 1968ರ ಕೀಟನಾಶಕಗಳ ಕಾಯ್ದೆಯಡಿ ಪರವಾನಗಿ ಕಡ್ಡಾಯ. ಅದನ್ನು ಪಡೆಯಲು ಪದವಿಯ ಜೊತೆಗೆ ತರಬೇತಿಯ ಪ್ರಮಾಣಪತ್ರ ಬೇಕು, ಅಂಥ ತರಬೇತಿಗೆ ನಿಯಮಗಳು ಹೆಸರಿಸಿರುವ ಸಂಸ್ಥೆಗಳಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಒಂದು. ಅಸೋಸಿಯೇಷನ್‌ನವರು ದರಪಟ್ಟಿಗಿಂತ ಮೊದಲು ಆ ಪರವಾನಗಿಯನ್ನು ಕೇಳಲಿ. ಯಾವ ಔಷಧಿ, ಎಷ್ಟು ಹೊತ್ತು ಮನೆಯಿಂದ ಹೊರಗಿರಬೇಕು, ಕಿಟಕಿ ಯಾವಾಗ ತೆರೆಯಬೇಕು ಎಂಬುದನ್ನು ಬರವಣಿಗೆಯಲ್ಲಿ ಪಡೆಯಲಿ. ಔಷಧಿ ಹೊಡೆಯುವ ದಿನ ಅಕ್ಕಪಕ್ಕದ ಮನೆಗಳಿಗೂ ತಿಳಿಸಲಿ.

ಸಂಜೆಯ ಹೊತ್ತಿಗೆ ಅಸೋಸಿಯೇಷನ್ ಕಾರ್ಯದರ್ಶಿಯವರ ಮನೆಯಲ್ಲಿ ನಾಲ್ಕೈದು ಮಂದಿ ಸೇರಿದರು. ಖರ್ಚು ಯಾರದು? ಮನೆಯೊಳಗಿನದು ಆಯಾ ಮನೆಯವರದು, ಓನರ್ ಕೊಡಬೇಕೋ ಬಾಡಿಗೆದಾರರು ಕೊಡಬೇಕೋ ಅವರವರೇ ನೋಡಿಕೊಳ್ಳಲಿ ಎಂದರು ಒಬ್ಬರು. ಅಲ್ಲಿ ನಾನು ಸುಮ್ಮನಿರಲಾಗಲಿಲ್ಲ. ಹುಡುಗರು ಈ ತಿಂಗಳು ಕೈಯಲ್ಲಿ ಕಾಸಿಲ್ಲವೆಂದು ಮುಂದೂಡಿದರೆ ಎರಡೂ ಬದಿಯ ಮನೆಯವರು ಕೊಟ್ಟ ದುಡ್ಡು ವ್ಯರ್ಥ. ಲಿಫ್ಟ್ ಕೆಟ್ಟರೆ ನೆಲಮಹಡಿಯವರೂ ಮೇಂಟೆನೆನ್ಸ್ ಕೊಡುತ್ತಾರೆ. ತಪಾಸಣೆಯನ್ನಾದರೂ ಸಾಮಾನ್ಯ ನಿಧಿಯಿಂದ, ಹುಳು ಕಂಡ ಮನೆಯ ಸುತ್ತಣ ಎಲ್ಲ ಮನೆಗಳಿಗೂ ಒಂದೇ ದಿನ ಮಾಡಿಸುವುದು ನ್ಯಾಯವೂ ಹೌದು, ಅಗ್ಗವೂ ಹೌದು. ಮನೆ ಸಂಖ್ಯೆ ಹಾಕದೆ, ಯಾರ ಹೆಸರೂ ಎತ್ತದೆ, ಇಂಥ ಮಹಡಿಗಳಲ್ಲಿ ತಪಾಸಣೆ ಇದೆ ಎಂದಷ್ಟೇ ನೋಟಿಸ್ ಬರಲಿ ಎಂದು ಮೂರನೆಯ ಮಹಡಿಯ ಆ ಮನೆಯಾಕೆಯೇ ಹೇಳಿದರು. ಅವರು ಆ ಕೋಣೆಯಲ್ಲಿ ಬಂದು ಕೂತದ್ದೇ ನನಗೆ ದೊಡ್ಡದೆನಿಸಿತು.

ಪಟ್ಟಿ ಬರೆಯುವಾಗ ಒಂದು ಜಾಗ ಬಿಟ್ಟುಹೋಗಿತ್ತು: ಬೇಸ್‌ಮೆಂಟ್‌ನ ಸೆಕ್ಯುರಿಟಿಯವರ ಕೋಣೆ. ಮೇಲಿನ ಮನೆಗಳು ಬೇಡವೆಂದು ಇಳಿಸಿದ ಗಾದಿ, ಕುರ್ಚಿ, ಮಂಚಗಳೆಲ್ಲ ಸೇರುವುದು ಅಲ್ಲಿ. ಇಬ್ಬರು ಪಾಳಿ ಬದಲಿಸಿ ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ. ಕೇಳಿದರೆ, “ಇದೆ ಸಾರ್, ತುಂಬಾ ದಿನದಿಂದ ಇದೆ. ಯಾರಿಗೆ ಹೇಳೋದು?” ಎಂದರು. ನಾಳೆ ಅವರಿಗೆ ಹೊಸ ಗಾದಿ ಕೊಡಿಸುವುದು, ಹಳೆಯದನ್ನು ಬೀದಿಗೆ ಹಾಗೆಯೇ ಇಡದೆ ಕುಯ್ದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ‘ತಿಗಣೆ ಇದೆ’ ಎಂದು ಬರೆದು ಕಸದ ಗಾಡಿಗೆ ಕೊಡುವುದು, ಮನೆಗೆಲಸಕ್ಕೆ ಬರುವ ಅಕ್ಕಂದಿರ ಬ್ಯಾಗು, ಬಟ್ಟೆ ಇಡಲು ಪ್ರತ್ಯೇಕ ಮುಚ್ಚಳದ ಡಬ್ಬಿ ಇಡುವುದು, ಇಷ್ಟನ್ನೂ ಕಾರ್ಯದರ್ಶಿಯವರು ಬರೆದುಕೊಂಡರು. ಸೆಕ್ಯುರಿಟಿ ಕೋಣೆಯ ಎರಡೂ ಸುತ್ತಿನ ಖರ್ಚು ಅಸೋಸಿಯೇಷನ್ನಿನದೇ ಎಂದು ತೀರ್ಮಾನವಾಯಿತು. ಶನಿವಾರ ಬೆಳಿಗ್ಗೆ ಮೊದಲ ಸುತ್ತು ಶುರುವಾಗುವುದು ಆ ಕೋಣೆಯಿಂದ.